ನಿಮಿಷಕ್ಕೆ ಎಪ್ಪತ್ತೆರಡು

ಕಮಲಾಪುರದ ಸರ್ಕಾರಿ ದವಾಖಾನೆಯ ನರ್ಸ್ ಶೇವಂತಾ ಯಾವುದಕ್ಕೂ ಹೆದರುವ ಹೆಂಗಸಲ್ಲ ಎಂದು ಊರೆಲ್ಲ ನಂಬಿತ್ತು. ನಂಬುವುದಕ್ಕೆ ಕಾರಣವೂ ಇತ್ತು. ಹಾವು ಕಡಿದವನನ್ನು ಟಂಟಂ ಗಾಡಿಯಲ್ಲಿ ಹಾಕಿಕೊಂಡು ಬಂದ ಹತ್ತು ಮಂದಿ ಬಾಯಿ ಬಡಿದುಕೊಳ್ಳುತ್ತಿದ್ದರೂ ಆಕೆ ಮಾತ್ರ ಒಂದು ಕೈಯಲ್ಲಿ ಅವನ ಮಣಿಕಟ್ಟು ಹಿಡಿದು, ಇನ್ನೊಂದು ಕೈಯ ಗಡಿಯಾರದ ಮೇಲೆ ಕಣ್ಣಿಟ್ಟು, ತುಟಿ ಅಲ್ಲಾಡಿಸದೆ ನಾಡಿ ಎಣಿಸುತ್ತಿದ್ದಳು. ಹದಿನೈದು ಸೆಕೆಂಡು ಎಣಿಸುವುದು, ನಾಲ್ಕರಿಂದ ಗುಣಿಸುವುದು. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಸಂಖ್ಯೆ ಸಿಕ್ಕರೆ ಮುಂದೆ ಏನು ಮಾಡಬೇಕೆಂಬುದು ತಾನಾಗಿ ಗೊತ್ತಾಗುತ್ತದೆ ಎಂದು ಹೊಸದಾಗಿ ಬಂದ ಹುಡುಗಿಯರಿಗೆ ಹೇಳಿಕೊಡುತ್ತಿದ್ದಳು.

ಊರಿಗೆ ಗೊತ್ತಿಲ್ಲದ ಸಂಗತಿಯೆಂದರೆ ಈ ಧೈರ್ಯವೆಲ್ಲ ಬೇರೆಯವರ ಮಕ್ಕಳ ಮಟ್ಟಿಗೆ ಮಾತ್ರ. ತನ್ನ ಒಬ್ಬಳೇ ಮಗಳು ಸಪ್ನಾ ಮೆಟ್ಟಿಲು ಹತ್ತಿ ಬಂದು ಒಂದು ಉಸಿರು ಜೋರಾಗಿ ಬಿಟ್ಟರೆ ಸಾಕು, ಶೇವಂತಾಳ ಕೈಕಾಲು ತಣ್ಣಗಾಗುತ್ತಿದ್ದವು. ಸಪ್ನಾಳ ಹೃದಯದಲ್ಲಿ ಹುಟ್ಟಿದಾಗಿನಿಂದ ಒಂದು ರಂಧ್ರವಿತ್ತು. ಆರನೆಯ ವಯಸ್ಸಿಗೆ ಆಪರೇಷನ್ ಮಾಡಿ ಮುಚ್ಚಿದರು. ಈಗ ಹದಿನೇಳು. ವರ್ಷಕ್ಕೊಮ್ಮೆ ತೋರಿಸಿದಾಗಲೆಲ್ಲ ಡಾಕ್ಟರು, "ಓಡ್ಲಿ, ಕುಣೀಲಿ, ಏನೂ ಆಗಂಗಿಲ್ಲ" ಎನ್ನುತ್ತಿದ್ದರು. ಕಳೆದ ಬೇಸಿಗೆಯಲ್ಲಿ ಡ್ಯಾನ್ಸ್ ಕ್ಲಾಸಿನಲ್ಲಿ ಹುಡುಗಿ ಒಮ್ಮೆ ತಲೆ ತಿರುಗಿ ಬಿದ್ದಿದ್ದಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಅಷ್ಟೇ. ಇಸಿಜಿ ನೋಡಿದ ಡಾಕ್ಟರು ನಕ್ಕು, ಮಗಳಿಗಿಂತ ಮೊದಲು ತಾಯಿಯ ಬಿ.ಪಿ. ನೋಡಬೇಕು ಎಂದಿದ್ದರು. ಶೇವಂತಾ ಅವರ ಮುಂದೆ ತಾನೂ ನಕ್ಕಳು. ಹೆದರಿಕೆಯನ್ನು ಮಾತ್ರ ಹಾಗೆಯೇ ಮನೆಗೆ ಹೊತ್ತುಕೊಂಡು ಬಂದಳು.

ಆಕೆಗೆ ಗೊತ್ತಿದ್ದ ಔಷಧಿ ಒಂದೇ, ನಿಧಾನ. ಗಂಡ ಜೈಭೀಮ ಕಲಬುರಗಿ-ಹುಮನಾಬಾದ್ ರೂಟಿನ ಬಸ್ ಡ್ರೈವರ್. ಬುತ್ತಿ ಕೈಗೆ ಕೊಡುವಾಗ ದಿನಾ "ನಿಧಾನ ಓಡಸ್ರಿ" ಅನ್ನುವಳು. ಅವನು "ಹೂಂ" ಎಂದು ಹೋಗಿ ತನಗೆ ಸರಿಕಂಡ ಸ್ಪೀಡಿನಲ್ಲಿ ಓಡಿಸಿಕೊಂಡು ಬರುವನು. ಮಗಳಿಗೂ ಅದೇ ಮಾತು. ನಿಧಾನ ನಡಿ, ನಿಧಾನ ತಿನ್ನು, ನಿಧಾನ ನಗು. ಸಲೈನ್ ಬಾಟಲಿಯಾಗಲಿ ಬಸ್ಸಾಗಲಿ ಹೆಣ್ಣುಮಗಳಾಗಲಿ, ನಿಧಾನ ಹೋದದ್ದಕ್ಕೆ ಅಪಾಯವಿಲ್ಲ ಎಂಬುದು ಆಕೆಯ ಗಟ್ಟಿ ನಂಬಿಕೆ. ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ಹುಡುಗಿ ಹೋಗಿ ಹೋಗಿ ರಷ್ಯಾದ ಬ್ಯಾಲೆ ಕಲಿಯಲು ಹೊರಟಿದ್ದಳು.

ಕಲಬುರಗಿಗೆ ಬ್ಯಾಲೆ ತಂದವರು ನಾಗರತ್ನಾ ಮೇಡಂ. ಅವರ ಗಂಡ ಡಾಕ್ಟರಿ ಓದಲು ರಷ್ಯಾಕ್ಕೆ ಹೋದಾಗ ಇವರೂ ಜೊತೆಗೆ ಹೋಗಿ ಆರು ವರ್ಷ ಇದ್ದರು. ಹೊರಗೆ ಹಿಮ, ಒಳಗೆ ಬೇಸರ. ಪಕ್ಕದ ಓಣಿಯ ನೃತ್ಯಶಾಲೆಯಲ್ಲಿ ಏಳು ವರ್ಷದ ಮಕ್ಕಳ ಸಾಲಿನಲ್ಲಿ ಇಪ್ಪತ್ನಾಲ್ಕರ ಇವರೂ ನಿಂತು ಕಲಿತರಂತೆ. ಈಗ ಒಂದು ಮೆಡಿಕಲ್ ಶಾಪಿನ ಮೇಲಿನ ಹಾಲಿನಲ್ಲಿ ಗೋಡೆಗೆ ಕನ್ನಡಿ ಹಚ್ಚಿಸಿ ಹನ್ನೊಂದು ಹುಡುಗಿಯರಿಗೆ ಕಲಿಸುತ್ತಿದ್ದರು. ಕೆಳಗೆ ಔಷಧಿ ತಗೊಳ್ಳಲು ಬಂದವರು ಮೇಲಿನ ಧಪಧಪ ಕೇಳಿ, "ರಷ್ಯಾ ಡ್ಯಾನ್ಸ್ ನಡದದ" ಅನ್ನುತ್ತಿದ್ದರು. ಸಪ್ನಾ ಪಿಯುಸಿಗೆಂದು ಕಮಲಾಪುರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವಳು, ಕಾಲೇಜು ಬಿಟ್ಟ ಮೇಲೆ ಇಲ್ಲಿಗೆ ಬರುತ್ತಿದ್ದಳು.

ನವೆಂಬರಿನಲ್ಲಿ ವಿಭಾಗ ಮಟ್ಟದ ಕಾಲೇಜು ನೃತ್ಯ ಸ್ಪರ್ಧೆ ನಿಗದಿಯಾಯಿತು. ನಾಗರತ್ನಾ ಮೇಡಂ ಸಪ್ನಾಳಿಗೆ ನೂರು ವರ್ಷಕ್ಕೂ ಹಳೆಯ ಒಂದು ಬ್ಯಾಲೆಯಲ್ಲಿ ಒಬ್ಬಳೇ ಕುಣಿಯುವ ಭಾಗ ಕಲಿಸಿದರು. ಮೊದಲು ತೋಳಿನ ಚಲನೆ, ನಡುವೆ ಎಂಟು ದೊಡ್ಡ ಜಿಗಿತ, ಕೊನೆಗೆ ಹನ್ನೆರಡು ಸುತ್ತು. ಒಂದು ದಿನ ಅದರ ಸಂಗೀತವಿದ್ದ ಪೆನ್ ಡ್ರೈವ್ ಕೈಗಿಟ್ಟರು. ಅಂದು ರಜೆಯಿದ್ದ ಶೇವಂತಾ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತು ಮಗಳ ಎದೆಯ ಏರಿಳಿತವನ್ನೇ ನೋಡುತ್ತಿದ್ದಳು.

"ತುಕಡಾ ಒಂದೇ, ನಾಕು ಮಂದಿ ನಾಕು ನಮೂನಿ ನುಡಿಸ್ಯಾರ," ಎಂದರು ಮೇಡಂ. "ಮೊದಲಿನ ಎರಡು ಬರೇ ಕೇಳೋರಿಗೋಸ್ಕರ ನುಡಿಸಿದ್ದು. ಎದುರಿಗಿ ಕುಣಿಯೋರು ಇಲ್ಲಂದ್ರ ವಾದ್ಯದೋರಿಗಿ ಯಾರ ಹಂಗದ, ಓಡಸ್ತಾರ. ಮೂರನೇದು ನಾಕನೇದು ಥಿಯೇಟರಿನ್ಯಾಗ ಕುಣಿಯೋರ ಕಾಲು ನೋಡ್ಕೋತ ನುಡಿಸಿದ್ದು. ನಾಕೂ ಹಾಕ್ಕೊಂಡು ಕುಣದು ನೋಡು. ನಿನ್ನ ಮೈಗಿ ಯಾವುದು ಕೂಡ್ತದ, ನೀನೇ ಆರಿಸು. ನಾಕನೇದರ ಕಥಿ ಮಾತ್ರ ಬ್ಯಾರೆ..."

ಅಷ್ಟರಲ್ಲಿ ದವಾಖಾನೆಯಿಂದ ಫೋನ್ ಬಂದು ಶೇವಂತಾ ಮೆಟ್ಟಿಲ ಕಡೆಗೆ ಎದ್ದು ಹೋದಳು. ನಾಲ್ಕನೆಯದರ ಕಥೆ ಏನೆಂಬುದು ಆಕೆಯ ಕಿವಿಗೆ ಬೀಳಲಿಲ್ಲ.

ಎಂಟು ದಿನ ಮನೆಯಲ್ಲಿ ಅದೇ ಸಂಗೀತ. ನಡುಮನೆಯ ಟೀಪಾಯಿ, ಪ್ಲಾಸ್ಟಿಕ್ ಕುರ್ಚಿ ಎಲ್ಲ ಅಂಗಳಕ್ಕೆ ಹೋದವು. ಸಪ್ನಾ ಒಂದೊಂದನ್ನೂ ಹಾಕಿಕೊಂಡು ಕುಣಿದಳು. ಮೊದಲಿನೆರಡನ್ನು ಎರಡೇ ದಿನಕ್ಕೆ ಬಿಟ್ಟಳು. ನಾಲ್ಕನೆಯದನ್ನು ತಾಯಿ ಡ್ಯೂಟಿಗೆ ಹೋದಾಗ ಹಾಕಿ ನೋಡಿ, "ಇದು ನಂದಲ್ಲ" ಎಂದು ಅದನ್ನೂ ಬಿಟ್ಟಳು. ಉಳಿದದ್ದು ಮೂರನೆಯದು. "ನನ್ನ ಉಸುರು ಕೇಳ್ಕೋತ ನುಡಿಸಿದಂಗ ಅದ ಅವ್ವ," ಅನ್ನುವಳು. ಸಂಜೆ ಪ್ರಾಕ್ಟೀಸ್ ಶುರುವಾಗುವ ಮುಂಚೆ ತಾಯಿಯ ಕೈ ಹಿಡಿದು ಎಳೆದು ತಂದು ಕ್ಯಾಲೆಂಡರ್ ನೇತುಹಾಕಿದ್ದ ಗೋಡೆಯ ಕೆಳಗೆ ಕೂರಿಸುವಳು. "ಇಲ್ಲೇ ಕುಂತು ಪಲ್ಯ ಸೋಸು. ಏಳಬ್ಯಾಡ ಮತ್ತ." ಶೇವಂತಾ ಪುಂಡಿ ಪಲ್ಯದ ಕಟ್ಟು ತೊಡೆಯ ಮೇಲಿಟ್ಟುಕೊಂಡು ಎಲೆ ಬಿಡಿಸುತ್ತ ಕೂರುವಳು. ಮಗಳಿಗೆ ತನ್ನ ಜೊತೆ ಬೇಕೆನಿಸುತ್ತದೆ ಎಂದು ಒಳಗೊಳಗೇ ಹಿಗ್ಗುವಳು. ಆದರೆ ಕುಣಿತ ಮುಗಿದ ಕೂಡಲೇ ಪಲ್ಯ ಬದಿಗಿಟ್ಟು ಹುಡುಗಿಯ ಮಣಿಕಟ್ಟು ಹಿಡಿಯುವಳು. ನೂರಾ ನಲವತ್ತೆಂಟು. ಕುಣಿದವರ ನಾಡಿ ಅಷ್ಟಿರುವುದು ಸಹಜ ಎಂದು ಆಕೆಗೆ ಗೊತ್ತು. ಬೇರೆಯವರ ಮಗಳಾಗಿದ್ದರೆ ಹಾಗೇ ಹೇಳಿ ಕಳಿಸುತ್ತಿದ್ದಳು. ಸಪ್ನಾಳ ಕುತ್ತಿಗೆಯ ಕುಳಿಯಲ್ಲಿ ಪಟಪಟ ಹೊಡೆದುಕೊಳ್ಳುವ ಆ ನರ ನೋಡಿದಾಗ ಮಾತ್ರ ಓದಿದ್ದೆಲ್ಲ ಮರೆತುಹೋಗುತ್ತಿತ್ತು.

ಸ್ಪರ್ಧೆಗೆ ಎರಡು ದಿನ ಮೊದಲು ಪೆನ್ ಡ್ರೈವನ್ನು ಸ್ಪರ್ಧೆಯ ಸೌಂಡ್ ಸಿಸ್ಟಂ ನೋಡಿಕೊಳ್ಳುವ ಮೈಬೂಬನಿಗೆ ಮುಟ್ಟಿಸಬೇಕಿತ್ತು. ಸಪ್ನಾಳಿಗೆ ಅಂದು ಕೆಮಿಸ್ಟ್ರಿ ಪ್ರಾಕ್ಟಿಕಲ್. "ಅವ್ವ, ನೀನೇ ಕೊಟ್ಟು ಬಾ. ಮೂರನೇದು ಅಂತ ಹೇಳು, ಅಷ್ಟೇ," ಎಂದು ಹೇಳಿ ಕಳಿಸಿದಳು.

ಮೈಬೂಬನ ಅಂಗಡಿ ಕಲಬುರಗಿಯ ರೋಜಾ ಬಡಾವಣೆಯಲ್ಲಿ, ದರ್ಗಾಕ್ಕೆ ಹೋಗುವ ದಾರಿಯ ಮೇಲಿತ್ತು. ಎರಡೂ ಕಡೆ ಹೂವಿನ ಚಾದರ, ಅತ್ತರು, ಲಾಡ್ಜಿನ ಬೋರ್ಡುಗಳು. ಅಂಗಡಿಯೊಳಗೆ ಸೂರು ಮುಟ್ಟುವಂತೆ ಪೇರಿಸಿದ ಕರಿಯ ಸ್ಪೀಕರುಗಳು. ಐವತ್ತರ ಆಸುಪಾಸಿನ ಮೈಬೂಬ ಪೆನ್ ಡ್ರೈವ್ ಚುಚ್ಚಿ, "ನಾಕು ಅವಲ್ರಿ ಅಕ್ಕಾರೆ, ಯಾವುದು ಹಾಕಬೇಕು?" ಎಂದು ಕೇಳಿದ.

ಶೇವಂತಾ "ಮೂರನೇದು" ಎನ್ನಲು ಬಾಯಿ ತೆರೆದಳು. ಬಂದದ್ದು ಬೇರೆಯೇ ಮಾತು. "ನಾಕೂ ಒಮ್ಮೆ ಹಚ್ರಿ ಭಾಯಿ, ಕೇಳೋಣು."

ಮೊದಲನೆಯದು ಶುರುವಾಯಿತು. ಪಿಟೀಲುಗಳು ಒಂದರ ಬೆನ್ನು ಹತ್ತಿ ಒಂದು ಓಡಿದವು. ಆಕೆಯ ಕಣ್ಣು ತಾನಾಗಿ ಗಡಿಯಾರಕ್ಕೆ ಹೋಯಿತು. ಹದಿನೈದು ಸೆಕೆಂಡಿಗೆ ಮೂವತ್ತು. ನೂರಾ ಇಪ್ಪತ್ತು. ಜ್ವರ ನೆತ್ತಿಗೇರಿದ ಮಗುವಿನ ನಾಡಿ. ಎರಡನೆಯದು ನೂರಾ ಎಂಟು. ಮೂರನೆಯದು, ಮಗಳು ಆರಿಸಿದ್ದು, ತೊಂಬತ್ತಾರು. ಯಾರಾದರೂ ಪೇಷಂಟ್ ಬಂದು ತೊಂಬತ್ತಾರು ತೋರಿಸಿದರೆ ಕೂರಿಸಿ, ಐದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಬೇಕು.

"ನಾಡಿ ನೋಡಾಕತ್ತೀರೇನ್ರಿ ಹಾಡಿಂದು?" ಎಂದು ಮೈಬೂಬ ನಕ್ಕ. ಆಕೆ ನಗಲಿಲ್ಲ.

ನಾಲ್ಕನೆಯದು ಬಂತು. ಕೊಳಲು ಒಂದೇ ಮೊದಲು, ಆಮೇಲೆ ಪಿಟೀಲುಗಳು, ಯಾರಿಗೂ ಏನೂ ಅವಸರವಿಲ್ಲ. ಹದಿನೈದು ಸೆಕೆಂಡಿಗೆ ಹದಿನೆಂಟು. ಇನ್ನೊಮ್ಮೆ ಎಣಿಸಿದಳು. ಹದಿನೆಂಟೇ. ನಿಮಿಷಕ್ಕೆ ಎಪ್ಪತ್ತೆರಡು.

ನರ್ಸಿಂಗ್ ಶಾಲೆಯ ಮೊದಲ ವಾರದಲ್ಲೇ ಕಲಿಸಿದ ಸಂಖ್ಯೆ ಅದು. ಆರೋಗ್ಯವಂತ ಮನುಷ್ಯನ ನಾಡಿ, ಎಪ್ಪತ್ತೆರಡು. ಆರು ವರ್ಷದ ಸಪ್ನಾ ಆಪರೇಷನ್ ಆದ ಮೇಲೆ ಮಲಗಿದ್ದಾಗ ಮಂಚದ ಪಕ್ಕದ ಮಾನಿಟರಿನ ಹಸಿರು ಪರದೆಯ ಮೇಲೆ ಯಾವ ಸಂಖ್ಯೆ ಬರಲಿ ಎಂದು ಈ ತಾಯಿ ನಾಲ್ಕು ದಿನ ಅನ್ನ ನೀರು ಬಿಟ್ಟು ಬೇಡಿಕೊಂಡಿದ್ದಳೋ ಆ ಸಂಖ್ಯೆ. ಶೇವಂತಾಳ ಕಣ್ಣು ತುಂಬಿ ಬಂದವು. ಎಂಟು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಸರಿದಂತಾಯಿತು.

"ಇದೇ ಹಚ್ರಿ. ನಾಕನೇದು."

"ಹುಡಗಿಗಿ ಒಮ್ಮೆ ಫೋನ್ ಮಾಡಿ ಕೇಳ್ಲೇನ್ರಿ?"

"ಅಕಿ ಪ್ರಾಕ್ಟಿಕಲ್‌ದಾಗ ಇದ್ದಾಳ. ಅಕಿನೇ ಹೇಳಿ ಕಳಿಸ್ಯಾಳ." ಸುಳ್ಳು ಇಷ್ಟು ಸಲೀಸಾಗಿ ಬಂದದ್ದಕ್ಕೆ ಆಕೆಗೇ ಆಶ್ಚರ್ಯವಾಯಿತು.

ಮೈಬೂಬ ಒಂದು ಚೀಟಿಯಲ್ಲಿ 'ಸಪ್ನಾ-4' ಎಂದು ಬರೆದು ಅಂಟಿಸಿದ. ಆಮೇಲೆ ಅಭಿಮಾನದಿಂದ ತನ್ನ ಮಶೀನು ತೋರಿಸಿದ. "ನಿಧಾನ ಅನಸಿದ್ರ ಅಂಜಬ್ಯಾಡ್ರಿ. ಈ ಗುಂಡಿ ಅದಲ್ಲ, ಮ್ಯಾಲ ಸರಿಸಿದ್ರ ಹಾಡು ಓಡ್ತದ. ಸಾಲಿ ಗ್ಯಾದರಿಂಗಿನ್ಯಾಗ ಹೊತ್ತಾತಂದ್ರ ನಾವು ಇದನ್ನೇ ಮಾಡ್ತೀವಿ. ಅತಿಥಿಗೋಳು ಎದ್ದು ಹೋಗೂದ್ರಾಗ ಪ್ರೋಗ್ರಾಂ ಮುಗೀಬೇಕಲ್ರಿ."

ಶೇವಂತಾ ಬೆಚ್ಚಿಬಿದ್ದಳು. "ಈ ಹಾಡಿಗಿ ಆ ಗುಂಡಿ ಮುಟ್ಟಬ್ಯಾಡ್ರಿ ಭಾಯಿ! ಯಾರ್ ಬಂದು ಹೇಳಿದ್ರೂ ಮುಟ್ಟಬ್ಯಾಡ್ರಿ. ಆಣಿ ಮಾಡ್ರಿ."

ಆಕೆಯ ಮುಖ ನೋಡಿ ಅವನು ನಗು ನಿಲ್ಲಿಸಿದ. "ದರ್ಗಾದ ಬಂದೇನವಾಜರ ಆಣಿ. ಮುಟ್ಟಂಗಿಲ್ರಿ," ಎಂದ.

ಮುಂದಿನೆರಡು ದಿನ ಆಕೆಗೆ ಹಳೆಯ ಹೆದರಿಕೆಯ ಜೊತೆ ಹೊಸದೊಂದು ಕೂಡಿಕೊಂಡಿತು. ಸಪ್ನಾ ಮೊಬೈಲಿಗೆ ಇಳಿಸಿಕೊಂಡಿದ್ದ ಮೂರನೆಯದನ್ನು ಹಾಕಿ ಕುಣಿಯುತ್ತಿದ್ದಳು, ಶೇವಂತಾ ತಲೆ ಎತ್ತದೆ ಪಲ್ಯ ಸೋಸುತ್ತಿದ್ದಳು. ಹೇಳಿಬಿಡಲೇ ಎಂದು ಹತ್ತು ಸಲ ನಾಲಿಗೆಯ ತುದಿಗೆ ಬಂತು. ಮೈಬೂಬನಿಗೆ ಫೋನ್ ಮಾಡಿ ಮೂರನೆಯದೇ ಇರಲಿ ಎನ್ನಬಹುದಿತ್ತು. ನಂಬರು ತೆಗೆದಳು ಕೂಡ. ಆಗ ಕುತ್ತಿಗೆಯ ಕುಳಿಯಲ್ಲಿ ಹೊಡೆದುಕೊಳ್ಳುವ ಆ ನರ ಕಣ್ಣ ಮುಂದೆ ಬಂದು ಫೋನ್ ಕೆಳಗಿಟ್ಟಳು. ನಾಲ್ಕನೆಯದು ನಿಧಾನವಾಗಿದೆಯಷ್ಟೇ, ವಿಷವೇನಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡಳು. ಬೈದರೆ ಬೈಯಲಿ, ಬೈಯಲಾದರೂ ಮಗಳು ಇರಬೇಕಲ್ಲ. ಸ್ಪರ್ಧೆಯ ದಿನ ಬೆಳಿಗ್ಗೆ ಬುದ್ಧನ ಮೂರ್ತಿಯ ಮುಂದೆ ಮೇಣದ ಬತ್ತಿ ಹಚ್ಚುವಾಗ ಎರಡು ಕಡ್ಡಿ ಹಾಳಾದವು.

"ಅವ್ವ, ಮುಂದಿನ ಸಾಲಿನ್ಯಾಗ ನಟ್ಟನಡುವಿನ ಕುರ್ಚಿ ಹಿಡಿ," ಎಂದು ಸಪ್ನಾ ರಂಗಮಂದಿರದ ಬಾಗಿಲಲ್ಲಿ ಇನ್ನೊಮ್ಮೆ ಹೇಳಿದಳು. "ಏನೇ ಆಗ್ಲಿ, ಏಳಬ್ಯಾಡ."

ಶೇವಂತಾ ಹೋಗಿ ಅಲ್ಲೇ ಕೂತಳು. ಪಕ್ಕದಲ್ಲಿ ನಾಗರತ್ನಾ ಮೇಡಂ. ಹಿಂದೆ ಕಾಲೇಜು ಹುಡುಗರ ಗದ್ದಲ, ಸಿಳ್ಳೆ. ಎಲ್ಲಕ್ಕಿಂತ ಹಿಂದೆ, ಕೊನೆಯ ಸಾಲಿನ ಆಚೆ, ತನ್ನ ಮಶೀನಿನ ಮುಂದೆ ಮೈಬೂಬ. ನಾಲ್ಕು ಕಾಲೇಜುಗಳ ಕುಣಿತ ಆದ ಮೇಲೆ ಸಪ್ನಾಳ ಹೆಸರು ಕರೆದರು. ಬಿಳಿಯ ಉಡುಪಿನ ಹುಡುಗಿ ಬಂದು ವೇದಿಕೆಯ ಮೂಲೆಯಲ್ಲಿ ನಿಂತಳು. ತಾಯಿಯ ಕಡೆ ಒಮ್ಮೆ ನೋಡಿ ಕಣ್ಣಲ್ಲೇ ನಕ್ಕಳು.

ಕೊಳಲು ಶುರುವಾಯಿತು. ಎರಡನೆಯ ಸ್ವರಕ್ಕೇ ಸಪ್ನಾಳ ಕಣ್ಣಿನ ನಗು ಹೋಯಿತು. ಕತ್ತು ಒಂದಿಷ್ಟು ಓರೆಯಾಯಿತು, ಯಾರೋ ಬಾಗಿಲು ತಟ್ಟಿದರೇ ಎಂದು ಕೇಳುವವರ ಹಾಗೆ. ಅವಳಿಗೆ ಗೊತ್ತಾಯಿತು. ತನಗೆ ಗೊತ್ತಾಯಿತೆಂದು ತಾಯಿಗೆ ಗೊತ್ತಾಯಿತೆಂಬುದೂ ಅವಳಿಗೆ ಗೊತ್ತಾಯಿತು. ಆಮೇಲೆ ಅವಳು ತೋಳೆತ್ತಿದಳು.

ತೋಳಿನ ಭಾಗ ಚಂದವಾಗಿಯೇ ನಡೆಯಿತು. ನಿಧಾನವಾಗಿ ಏಳುವ ಕೈ, ನಿಧಾನವಾಗಿ ಬಾಗುವ ಸೊಂಟ. ಹುಡುಗರ ಗದ್ದಲವೂ ನಿಂತಿತು. ಶೇವಂತಾ ಉಸಿರು ಬಿಟ್ಟು ಕುರ್ಚಿಗೆ ಬೆನ್ನು ಕೊಟ್ಟಳು. ತಾನು ಆರಿಸಿದ್ದೇ ಸರಿಯಾಯಿತು ಎಂದು ಒಂದು ಕ್ಷಣ ಬೀಗಿದಳು ಕೂಡ.

ನಾಗರತ್ನಾ ಮೇಡಂ ಮಾತ್ರ ಮುಂದಕ್ಕೆ ಬಾಗಿ ಕೂತಿದ್ದರು. "ಇದು ನಾಕನೇದು," ಎಂದರು. "ಇದ್ಯಾಕ್ ಹಚ್ಚಿದ ಅಂವ?"

"ನಿಧಾನ ಅದಲ್ರಿ ಮೇಡಂ, ಛಲೋ ಆತು."

"ಏನ್ ಛಲೋ?" ಮೇಡಂ ಹಲ್ಲು ಕಚ್ಚಿ ಪಿಸುಗುಟ್ಟಿದರು. "ಇದು ಭಾಳ ದೊಡ್ಡ ನರ್ತಕಿಗೋಸ್ಕರ ನುಡಿಸಿದ್ದು. ಅಕಿ ಅಷ್ಟೆತ್ತರ ಜಿಗೀತಿದ್ಳು, ಇಳಿಯೋತನಾ ವಾದ್ಯದೋರು ಕಾಯ್ತಿದ್ರು. ಹಾಡು ತಡಾ ಮಾಡಿದಷ್ಟು ಕುಣಿಯೋರು ಗಾಳ್ಯಾಗ ಹೆಚ್ಚು ಹೊತ್ತು ಇರಬೇಕಾಗ್ತದ್ರಿ. ಎಂಟು ಜಿಗಿತ ಅವ ಈಗ. ಈ ಹುಡಗಿ ಕಾಲಿಗಿ, ಈ ಹುಡಗಿ ಎದಿಗಿ ಇದು ಆಗೂದಲ್ಲ."

ಶೇವಂತಾಳಿಗೆ ತನ್ನ ತಪ್ಪು ಆಗ ಹೊಳೆಯಿತು. ಚಿಕ್ಕವಳಿದ್ದಾಗ ತುಂಬಿದ ಕೊಡ ತಲೆಯ ಮೇಲೆ ಹೊತ್ತು ಬರುತ್ತಿದ್ದವಳು ಆಕೆ. ದಾರಿಯಲ್ಲಿ ಯಾರಾದರೂ ಮಾತಿಗೆ ನಿಲ್ಲಿಸಿದರೆ ಕುತ್ತಿಗೆ ಮುರಿದು ಹೋಗುವಂತಾಗುತ್ತಿತ್ತು. ನಡೆಯುವುದಕ್ಕಿಂತ ನಿಲ್ಲುವುದೇ ಕಷ್ಟ ಎಂಬುದು ಎಂಟನೆಯ ವಯಸ್ಸಿಗೇ ಗೊತ್ತಿತ್ತು, ಈಗ ಎಲ್ಲಿ ಹೋಗಿತ್ತೋ. ಮೂರನೆಯದು ಎರಡೂಕಾಲು ನಿಮಿಷ, ನಾಲ್ಕನೆಯದು ಮೂರು ನಿಮಿಷ. ಆ ಲೆಕ್ಕವನ್ನೂ ಆಕೆ ಈಗಲೇ ಮಾಡಿದ್ದು. ಮಗಳ ಹೃದಯಕ್ಕೆ ಮುಕ್ಕಾಲು ನಿಮಿಷದ ದುಡಿತ ಹೆಚ್ಚಿಗೆ ಹೊರಿಸಿದವಳು ತಾನೇ.

ಮೊದಲ ಜಿಗಿತ ಆಯಿತು. ಎರಡನೆಯದಕ್ಕೆ ಸಪ್ನಾ ಮೇಲೇರಿ ಕೆಳಗಿಳಿದರೂ ಸಂಗೀತ ಇನ್ನೂ ಮೇಲೆಯೇ ಇತ್ತು. ಮಂಡಿ ಬಗ್ಗಿಸಿಕೊಂಡು ಕಾದಳು. ಮೂರನೆಯದಕ್ಕೆ ನಿಂತಲ್ಲಿಂದಲೇ ಹೊಸದಾಗಿ ಬಲ ಹಾಕಿ ಏಳಬೇಕಾಯಿತು. ನಾಲ್ಕನೆಯದಕ್ಕೆ ಇಳಿದಾಗ ಕಾಲು ನಡುಗಿದ್ದು ಮುಂದಿನ ಸಾಲಿಗೆಲ್ಲ ಕಂಡಿತು. ಬಾಯಿ ತೆರೆದು ಉಸಿರು ಎಳೆದಳು. ಕುತ್ತಿಗೆಯ ಕುಳಿ ಒಳಕ್ಕೆ ಹೋಗಿ ಹೊರಕ್ಕೆ ಬಂತು.

ಶೇವಂತಾ ಎದ್ದಳು. ಎದ್ದದ್ದು ಆಕೆಗೇ ತಿಳಿಯಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು, ಕುರ್ಚಿಗಳ ನಡುವಿನ ದಾರಿಯಲ್ಲಿ ಹಿಂದಕ್ಕೆ ಓಡಿದಳು. ಯಾರದೋ ಕಾಲು ತುಳಿದಳು, ಯಾರೋ ಬೈದರು. ಮೈಬೂಬನ ಮೇಜಿಗೆ ಹೊಟ್ಟೆ ಬಡಿಯುವಂತೆ ಹೋಗಿ ನಿಂತಳು.

"ಜಲ್ದಿ ಮಾಡ್ರಿ ಭಾಯಿ! ಹಾಡು ಜಲ್ದಿ ಮಾಡ್ರಿ! ಆ ಗುಂಡಿ!"

ಮೈಬೂಬ ಕಕ್ಕಾಬಿಕ್ಕಿಯಾದ. "ನೀವೇ ಆಣಿ ಮಾಡಸೀರಲ್ರಿ ಅಕ್ಕಾರೆ. ಯಾರ್ ಹೇಳಿದ್ರೂ..."

"ಆ ಆಣಿ ನನ್ನ ತಲಿ ಮ್ಯಾಲಿರ್ಲಿ! ನನ್ನ ಮಗಳು ಸಾಯ್ತಾಳ್ರೀ!"

ಅವನ ಬೆರಳು ಗುಂಡಿಗೆ ಹೋಯಿತು. ಪುಣ್ಯಾತ್ಮ ಒಮ್ಮೆಲೇ ಏರಿಸಲಿಲ್ಲ. ಮೂವತ್ತು ವರ್ಷ ಗ್ಯಾದರಿಂಗುಗಳ ಹೊತ್ತು ಕದ್ದ ಕೈ ಅದು, ಕೂದಲೆಳೆಯಷ್ಟೇ ಏರಿಸುತ್ತ ಹೋದ. ಸಂಗೀತ ನಡಿಗೆ ಬದಲಿಸಿದ್ದು ಹಾಲಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ವೇದಿಕೆಯ ಮೇಲೆ ಸಪ್ನಾಳ ಆರನೆಯ ಜಿಗಿತ, ಏಳನೆಯದು, ಎಂಟನೆಯದು. ಈಗ ಸಂಗೀತವೂ ಅವಳೂ ಒಟ್ಟಿಗೆ ಇಳಿದರು. ಶೇವಂತಾ ಮೇಜಿನ ಅಂಚು ಹಿಡಿದು ನಿಂತಿದ್ದಳು. ಬದುಕಿದೆ ಎಂದುಕೊಂಡಳು.

ಆಮೇಲೆ ಸುತ್ತು ಶುರುವಾದವು. ಒಂದು. ಸಪ್ನಾಳ ಮುಖ ಗಿರ್ರನೆ ತಿರುಗಿ ಮುಂದೆ ಬಂತು. ಕಣ್ಣು ಮುಂದಿನ ಸಾಲಿನಲ್ಲಿ ಏನನ್ನೋ ಹುಡುಕಿತು. ಎರಡು. ಮತ್ತೆ ಹುಡುಕಿತು. ಮೂರನೆಯ ಸುತ್ತಿಗೆ ಪಾದ ಓರೆಯಾಗಿ ಜಾರಿ, ಹುಡುಗಿ ಹಲಗೆಯ ಮೇಲೆ ಧಡ್ ಎಂದು ಬಿದ್ದಳು. ಹಾಲಿನ ಇನ್ನೊಂದು ತುದಿಗೂ ಆ ಸಪ್ಪಳ ಕೇಳಿಸಿತು.

ಇಪ್ಪತ್ತೆರಡು ವರ್ಷ ಎಣಿಸಿದ ಹೆಂಗಸಿಗೆ ಆಗ ಒಂದು ಎರಡು ಕೂಡ ನೆನಪಾಗಲಿಲ್ಲ. ಮುಗಿಯಿತು ಎಂದುಕೊಂಡಳು. ನಾನೇ ಕೊಂದೆ ಎಂದುಕೊಂಡಳು. ಬಂದ ದಾರಿಯಲ್ಲೇ ಮುಂದಕ್ಕೆ ಓಡಿದಳು.

ಅರ್ಧ ದಾರಿಗೆ ಬಂದಾಗ ಕಂಡಿತು, ಸಪ್ನಾ ಎದ್ದು ಕೂತಿದ್ದಳು. ಕಣ್ಣು ಸಾಲಿನಿಂದ ಸಾಲಿಗೆ ಅಲೆಯುತ್ತಿತ್ತು. ಗಾಬರಿಯ ಕಣ್ಣು. ಕುರ್ಚಿಗಳ ನಡುವೆ ಸೆರಗು ಜಾರಿಸಿಕೊಂಡು ಓಡಿಬರುತ್ತಿದ್ದ ತಾಯಿಯ ಮೇಲೆ ಬಂದು ಅದು ನಿಂತಿತು. ಹುಡುಗಿ ಅಂಗೈ ಒಂದಿಷ್ಟು ಎತ್ತಿದಳು, ಅಲ್ಲೇ ನಿಲ್ಲು ಎಂಬಂತೆ.

ಶೇವಂತಾ ನಿಂತಳು. "ಬಾಯಾರೆ, ಕುಂದ್ರಿ, ಕಾಣಸವಲ್ದು," ಎಂದು ಹಿಂದಿನಿಂದ ಯಾರೋ ಗದರಿದರು. ಆಕೆ ಅಲ್ಲಾಡಲಿಲ್ಲ. ಮೈಬೂಬ ಸಂಗೀತ ನಿಲ್ಲಿಸಿರಲಿಲ್ಲ. ಸಪ್ನಾ ಎದ್ದಳು, ತೋಳು ಸುತ್ತಿಕೊಂಡು ತಿರುಗಿದಳು. ಮುಖ ಹೋಯಿತು, ಬಂತು, ನೇರ ತಾಯಿಯ ಮೇಲೆ ನಿಂತಿತು. ಮತ್ತೆ ಹೋಯಿತು, ಬಂತು, ಅಲ್ಲೇ ನಿಂತಿತು. ಹನ್ನೆರಡಕ್ಕೆ ಹೊತ್ತಿರಲಿಲ್ಲ, ಒಂಬತ್ತಾಗುವಷ್ಟರಲ್ಲಿ ನಗಾರಿ ಬಡಿದು ಸಂಗೀತ ಮುಗಿಯಿತು. ಹುಡುಗರು ಸಿಳ್ಳೆ ಹಾಕಿ ಚಪ್ಪಾಳೆ ತಟ್ಟಿದರು. ಶೇವಂತಾಳಿಗೆ ಅದೊಂದೂ ಕೇಳಿಸಲಿಲ್ಲ.

ವೇದಿಕೆಯ ಹಿಂದೆ ಹೋದಾಗ ಸಪ್ನಾ ಕಬ್ಬಿಣದ ಟ್ರಂಕಿನ ಮೇಲೆ ಕೂತಿದ್ದಳು. ಮಂಡಿ ತರಚಿ ರಕ್ತ ಜಿನುಗುತ್ತಿತ್ತು. ತಾಯಿ ಕೇಳುವ ಮೊದಲೇ ಕೈ ಮುಂದೆ ಚಾಚಿದಳು, ಮುಖ ಮಾತ್ರ ಆ ಕಡೆ. ನೂರಾ ಐವತ್ತೆರಡು. ಒಂದು ನಿಮಿಷ ಬಿಟ್ಟು ನೂರಾ ಇಪ್ಪತ್ತು. ಇನ್ನೊಂದಕ್ಕೆ ನೂರು. ಪುಸ್ತಕದಲ್ಲಿ ಬರೆದಂತೆ ಇಳಿಯಿತು.

"ಆ ಸೌಂಡಿನಾಂವ ಎಲ್ಲದಾನ?" ನಾಗರತ್ನಾ ಮೇಡಂ ಕೆಂಡಾಮಂಡಲವಾಗಿ ಬಂದರು. "ಹುಡಗಿ ಕಾಲು ಮುರೀತಿದ್ವು ಇವತ್ತು!"

ಮೈಬೂಬ ಪೆನ್ ಡ್ರೈವ್ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದ. ಶೇವಂತಾಳ ಮುಖ ನೋಡಿದ, ನೆಲ ನೋಡಿದ. ಬೈಸಿಕೊಳ್ಳಲು ಸಿದ್ಧನಾಗಿಯೇ ಬಂದಿದ್ದ. ಶೇವಂತಾಳಿಗೆ ವೇದಿಕೆಯ ಸಪ್ಪಳ ಕೇಳಿದಾಗ ಆದಷ್ಟೇ ಹೆದರಿಕೆ ಈಗಲೂ ಆಯಿತು.

"ಅವರದೇನೂ ತಪ್ಪಿಲ್ರಿ ಮೇಡಂ," ಎಂದಳು. "ಅಕಿ ಮೂರನೇದು ಅಂತ ಹೇಳಿ ಕಳಿಸಿದ್ಳು. ನಾನೇ ನಾಕನೇದು ಹಚ್ಚಸೀನಿ."

ಮೇಡಂ ಮೈಬೂಬನ ಕೈಯಿಂದ ಪೆನ್ ಡ್ರೈವ್ ತೆಗೆದುಕೊಂಡು ಸಪ್ನಾಳ ಚೀಲಕ್ಕೆ ಹಾಕಿದರು. ಸಪ್ನಾ ಬೂಟಿನ ಲಾಡಿ ಬಿಚ್ಚುತ್ತಿದ್ದವಳು ಬಿಚ್ಚುತ್ತಲೇ ಇದ್ದಳು. ಮಧ್ಯಾಹ್ನ ಅವಳಿಗೆ ಸಮಾಧಾನಕರ ಬಹುಮಾನವೆಂದು ಒಂದು ಸ್ಟೀಲಿನ ಲೋಟ ಕೊಟ್ಟರು. ಅದನ್ನು ಚೀಲಕ್ಕೆ ಹಾಕಿಕೊಂಡು ತಾಯಿಯ ಜೊತೆ ಬಸ್ ಸ್ಟ್ಯಾಂಡಿಗೆ ನಡೆದಳು.

ಜೈಭೀಮನದೇ ಬಸ್ಸು ಸಿಕ್ಕಿತು. ಇಬ್ಬರ ಮುಖವನ್ನೂ ಕನ್ನಡಿಯಲ್ಲಿ ನೋಡಿ ಅವನು ಏನೂ ಕೇಳದೆ ಗೇರು ಹಾಕಿದ. ಊರು ದಾಟಿ ತೊಗರಿಯ ಹೊಲಗಳು ಶುರುವಾದವು. ಬಸ್ಸು ಜೋರಾಗಿಯೇ ಹೋಗುತ್ತಿತ್ತು. ಶೇವಂತಾ ಇಂದು ನಿಧಾನ ಎನ್ನಲಿಲ್ಲ.

"ಸಿಟ್ಟು ಬಂದದೇನು?" ಎಂದು ಕೊನೆಗೆ ಕೇಳಿದಳು.

"ಬಂದದ."

"ನನಗ ಎಪ್ಪತ್ತೆರಡು ಅಂದ್ರ ಛಲೋ ಅನಸ್ತು ಸಪ್ನಾ. ನಿನ್ನ ಎದಿಗಿ ಹಗುರ ಆಗ್ತದ ಅಂತ ತಿಳದೆ."

"ಹಾಡಿಗಲ್ಲ ಸಿಟ್ಟು." ಸಪ್ನಾ ಕಿಟಕಿಯಿಂದ ಮುಖ ತಿರುಗಿಸಿದಳು. "ಹಾಡು ತಡಾ ಆದ್ರ ನಾ ಹೆಂಗರ ದಾಟಿಸ್ತಿದ್ದೆ. ಐದನೇದಕ್ಕ ನನಗ ಗೊತ್ತಾಗಿತ್ತು ಎಲ್ಲಿ ಉಸುರು ತಗೋಬೇಕಂತ."

"ಮತ್ತ ಬಿದ್ದೆಲ್ಲ?"

"ಕುರ್ಚಿ ಖಾಲಿ ಇತ್ತವ್ವ."

ಶೇವಂತಾಳಿಗೆ ತಿಳಿಯಲಿಲ್ಲ.

"ತಿರಗೋ ಮುಂದ ಕಣ್ಣು ಒಂದೇ ಕಡಿ ನೆಟ್ಟಿರಬೇಕು. ಇಲ್ಲಂದ್ರ ತಲಿ ತಿರಗತದ, ಬೀಳ್ತೀವಿ. ಮನ್ಯಾಗ ಕ್ಯಾಲೆಂಡರ್ ಕೆಳಗ ನಿನಗ ಯಾಕ ಕುಂದ್ರಸ್ತಿದ್ದೆ? ಪಲ್ಯ ಸೋಸಾಕೇನು? ನಿನ್ನ ಮುಖ ನೋಡ್ಕೋತ ತಿರಗೂದು ಕಲ್ತೀನಿ ನಾ. ಏಳಬ್ಯಾಡ ಏಳಬ್ಯಾಡ ಅಂತ ಬಡ್ಕೊಂಡೆ." ಹುಡುಗಿಯ ದನಿ ಒಡೆಯಿತು. "ತಿರಗಿ ನೋಡ್ತೀನಿ, ನೀ ಇಲ್ಲ. ನಿನಗೇ ಏನೋ ಆತು ಅಂತ ನನ್ನ ಜೀವ ಹೋತು."

ಶೇವಂತಾಳಿಗೆ ಈಗ ತಿಳಿಯಿತು. ಎಂಟು ದಿನ ಪ್ರತಿ ಸಂಜೆ ಈ ಹುಡುಗಿ ತನ್ನ ಮುಖವನ್ನು ಹಿಡಿದುಕೊಂಡು ನಿಂತಿದ್ದಳು, ತಾನು ಅವಳ ಮಣಿಕಟ್ಟು ಹಿಡಿದುಕೊಂಡು ಕೂತಿದ್ದಳು. ಆಕೆಗೆ ಅಳು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಭಾಳ ಅಂಜಿಕಿ ಬರ್ತದ ನನಗ. ಸುಳ್ಳು ಯಾಕ ಹೇಳ್ಲಿ, ಇದು ಹೋಗಂಗಿಲ್ಲ."

"ಹೋಗೂದ್ ಬ್ಯಾಡ," ಎಂದಳು ಸಪ್ನಾ. ಮೂಗು ಒರೆಸಿಕೊಂಡು ತಾಯಿಯ ಭುಜಕ್ಕೆ ತಲೆ ಆನಿಸಿದಳು. "ಅಂಜು. ಎಷ್ಟು ಬೇಕೋ ಅಷ್ಟು ಅಂಜು. ಆದ್ರ ಕುಂತಲ್ಲೇ ಕುಂತು ಅಂಜು."

ಮಂಡಿಯ ಗಾಯ ಒಣಗಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಸಂಜೆ ಟೀಪಾಯಿ, ಕುರ್ಚಿ ಮತ್ತೆ ಅಂಗಳಕ್ಕೆ ಹೋದವು. ಶೇವಂತಾ ಕೈಗಡಿಯಾರ ಬಿಚ್ಚಿ ಅಡುಗೆಮನೆಯ ಡಬ್ಬಿಯ ಹಿಂದೆ ಇಟ್ಟು ಬಂದು, ಯಾರೂ ಕರೆಯದಿದ್ದರೂ ಕ್ಯಾಲೆಂಡರಿನ ಕೆಳಗೆ ಪುಂಡಿ ಪಲ್ಯದ ಕಟ್ಟು ಹಿಡಿದು ಕೂತಳು. ಸಪ್ನಾ ಮೂರನೆಯದನ್ನು ಹಾಕಿದಳು. ಜಿಗಿತಗಳು ಬಂದಾಗ ಶೇವಂತಾಳ ಬಾಯಿ ಒಣಗಿತು, ಸುತ್ತುಗಳು ಬಂದಾಗ ಕಿವಿಯಲ್ಲಿ ತನ್ನದೇ ಎದೆಯ ಬಡಿತ ಕೇಳಿಸಿತು. ಸಂಗೀತ ಮುಗಿಯುವವರೆಗೂ ಒಂದು ಎಲೆಯನ್ನೂ ಆಕೆ ಸೋಸಿರಲಿಲ್ಲ, ಕೂತಲ್ಲಿಂದ ಎದ್ದಿರಲೂ ಇಲ್ಲ.